ನೀರಿನ ಮೇಲೆ ನಿಂತ ಚುಕ್ಕಿ

"ಅದು ತಾನಾಗೇ ಬಂದು ಕೂತ್ಕೊಳ್ಳುತ್ತೆ ಮಗಳೇ. ಯಾರೂ ಕಳಿಸೋದಿಲ್ಲ."

ತೆಲೇಸಿಯ ತನ್ನ ಹಳೆಯ ಫೋನನ್ನು ಉಟ್ಟ ಬಟ್ಟೆಯ ತುದಿಯಿಂದ ಒರೆಸಿ ಪೊಲೀಸ್ ಸಾರ್ಜೆಂಟ್ ಎಪೆನೆಸಾಳ ಮುಂದೆ ಹಿಡಿದಳು. ಗಾಜು ಒಂದು ಮೂಲೆಯಲ್ಲಿ ಬಿರಿದಿತ್ತು. ಆ ಬಿರುಕಿನ ಹಿಂದೆ ಅವಳ ಗಂಡನ ಅಣ್ಣನ ಮಗಳು ಮೊಯೆಲಾಂಗಿ ಶಾಲೆಯ ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದಳು. ಕಿವಿಯ ಹಿಂದೆ ಕೆಂಪು ದಾಸವಾಳ, ಬೆರಳುಗಳಿಗೆ ಸೀಮೆಸುಣ್ಣದ ಪುಡಿ.

ಗುರುವಾರ ಸಂಜೆಯಿಂದ ಆ ಹುಡುಗಿ ಇಲ್ಲ. ಶುಕ್ರವಾರ, ಶನಿವಾರ ದ್ವೀಪದ ಮಾತಲೂಲು ಊರಿನ ದೋಣಿಗಳೆಲ್ಲ ಅವಳಿಗಾಗಿ ಕಡಲನ್ನು ಜಾಲಾಡಿದ್ದವು. ನಿನ್ನೆ ಭಾನುವಾರ, ದೇವರ ದಿನ, ಯಾರೂ ನೀರಿಗಿಳಿಯುವಂತಿರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಹೊರಟಿದ್ದವು.

"ಯಾರೂ ಕಳಿಸಲ್ಲ ಅಂದ್ರೆ ಹೇಗಮ್ಮ ಬರುತ್ತೆ?" ಎಪೆನೆಸಾ ಕೋಕೋ ಬಟ್ಟಲನ್ನು ಚಾಪೆಯ ಮೇಲಿಟ್ಟಳು.

"ಹೇಗೆ ಅಂತ ನನ್ನ ಕೇಳಿದ್ರೆ? ಅವಳು ಶಾಲೇಲಿ ಒಂದು ಫೋಟೋ ತೆಗೆದ್ರೆ ಇಲ್ಲಿ ನನ್ನ ಫೋನಲ್ಲಿ ಬಂದಿರುತ್ತೆ. ನಾನು ಅಡುಗೆಮನೇಲಿ ಮೀನು ತೆಗೆದ್ರೆ ಅವಳ ಫೋನಲ್ಲಿ. 'ಚಿಕ್ಕಮ್ಮ, ಉಪ್ಪು ಕಮ್ಮಿಯಾದ ಹಾಗಿದೆ' ಅಂತ ಅಲ್ಲಿಂದಲೇ ಫೋನ್ ಮಾಡೋಳು." ತೆಲೇಸಿಯ ನಗಲು ಹೋದಳು. ಅರ್ಧಕ್ಕೇ ಬಿಟ್ಟು ಮತ್ತೆ ಆ ಫೋಟೋ ತೋರಿಸಿದಳು. "ಇದು ಬುಧವಾರದ್ದು. ಆಮೇಲೆ ಒಂದೂ ಬಂದಿಲ್ಲ."

ಎದುರಿಗೆ ಕಂಬಕ್ಕೆ ಒರಗಿದ್ದ ವಲಾಸಿ ತಾಳ್ಮೆಗೆಟ್ಟಳು. ಅವಳು ಮೊಯೆಲಾಂಗಿಯ ಒಡಹುಟ್ಟಿದ ಅಕ್ಕ. ಮದುವೆಯಾಗಿ ಆಕ್ಲೆಂಡಿನಲ್ಲಿ ಇರುವವಳು. ಶನಿವಾರದ ವಿಮಾನಕ್ಕೆ ಬಂದಿಳಿದಾಗಿನಿಂದ ಕಣ್ಣಿಗೆ ನಿದ್ದೆ ಇಲ್ಲ, ಕೈಯಲ್ಲಿನ ಐಫೋನಿಗೆ ಬಿಡುವಿಲ್ಲ.

"ಫೋಟೋ ಬಿಡಿ ಮೇಡಂ. ಐದು ಗಂಟೆಗೆ ದೋಣಿಗಳು ವಾಪಸ್ ಬರ್ತವೆ. ನಾಳೆ ಬೆಳಿಗ್ಗೆ ಚರ್ಚಲ್ಲಿ ಅವಳ ಆತ್ಮಕ್ಕೆ ಬಲಿಪೂಜೆ. ದೇಹ ಇಲ್ಲದ ಬಲಿಪೂಜೆ! ನೀವು ಇಲ್ಲಿ ಮೀನು, ಉಪ್ಪು ಅಂತ ಕೂತಿದ್ದೀರಿ."

ಎಪೆನೆಸಾ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರಲ್ಲಿ ಒಂದು ಹಾಳೆ ಇತ್ತು. 'ಸಮುದ್ರದಲ್ಲಿ ಮುಳುಗಿರುವ ಸಾಧ್ಯತೆ' ಎಂದು ಬರೆದು ಸಹಿಗೆ ಜಾಗ ಬಿಟ್ಟ ಹಾಳೆ. ಐದು ಗಂಟೆಯೊಳಗೆ ಅದಕ್ಕೆ ಸಹಿ ಬಿದ್ದರೆ ಹುಡುಕಾಟ ಮುಗಿಯಿತು. ಹುಡುಗಿ ನೆಲದ ಮೇಲೆ ಎಲ್ಲಾದರೂ ಉಸಿರಾಡುತ್ತಿದ್ದರೆ, ಆ ಉಸಿರನ್ನು ಆಮೇಲೆ ಯಾರೂ ಹುಡುಕುವುದಿಲ್ಲ.

"ವಲಾಸಿ, ಗುರುವಾರದ್ದು ಇನ್ನೊಂದು ಸಲ ತೋರಿಸಮ್ಮ."

ವಲಾಸಿ ಉಸಿರುಬಿಟ್ಟು ಫೋನು ತಿರುಗಿಸಿದಳು. ಇವಳದು ಐಫೋನ್, ಊರಿನಲ್ಲಿರುವವರದೆಲ್ಲ ಆಂಡ್ರಾಯ್ಡ್. ಎರಡಕ್ಕೂ ಹೊಂದುವುದೆಂದು ಮ್ಯಾಪಿನಲ್ಲಿ ತಂಗಿಯ ಜಾಗ ಕಾಣುವ ಹಾಗೆ ಮಾಡಿಸಿಕೊಂಡಿದ್ದಳು. ಗುರುವಾರ ಸಂಜೆ ಆಕ್ಲೆಂಡಿನ ಅಡುಗೆಮನೆಯಲ್ಲಿ ನಿಂತು ಅವಳು ನೋಡುತ್ತಿದ್ದ ಹಾಗೇ, ಮೊಯೆಲಾಂಗಿ ಎಂಬ ಹೆಸರಿನ ಚುಕ್ಕಿ ಆರು ನಲವತ್ತಕ್ಕೆ ಮನೆ ಬಿಟ್ಟಿತ್ತು. ಊರ ನಡುದಾರಿ ಹಿಡಿದು ಕಡಲಿಗಿಳಿದಿತ್ತು. ಏಳು ಗಂಟೆ ಎಂಟು ನಿಮಿಷಕ್ಕೆ ಹವಳದ ದಿಬ್ಬದ ಅಂಚಿನಲ್ಲಿ, ನೀರಿನ ಮೇಲೆ ನಿಂತಿತ್ತು. ಆಮೇಲೆ ಅಲ್ಲಾಡಿರಲಿಲ್ಲ.

ಊರೆಲ್ಲ ಆ ಚುಕ್ಕಿಯ ಹಿಂದೆ ಹೋಗಿತ್ತು. ಪೊಲೀಸರೂ.

"ತೆಲೇಸಿಯಮ್ಮ, ನಿಮ್ಮ ಈ ಫೋನನ್ನ ಮೊದಲಿಗೆ ಸರಿಮಾಡಿ ಕೊಟ್ಟಿದ್ದು ಯಾರು?"

"ಇನ್ಯಾರು, ಮೊಯೆಲಾಂಗಿ. ವಲಾಸಿ ಅಲ್ಲಿಂದ ಹಳೇ ಫೋನ್ ಮೂರು ಕಳಿಸಿದ್ಲು. ಒಂದು ನಂಗೆ, ಒಂದು ಯಜಮಾನ್ರಿಗೆ, ಒಂದು ಅವಳಿಗೆ. ಪಾಸ್‌ವರ್ಡು ಗೀಸ್‌ವರ್ಡು ಯಾರಿಗೆ ನೆನಪಿರುತ್ತೆ ಹೇಳು? ಮೂರಕ್ಕೂ ಅವಳು ಅವಳ ಹೆಸರನ್ನೇ ಹಾಕಿಬಿಟ್ಲು. ಒಂದೇ ಒಲೆ, ಒಂದೇ ಪಾಸ್‌ವರ್ಡು."

ವಲಾಸಿಯ ಬೆನ್ನು ಕಂಬವನ್ನು ಬಿಟ್ಟು ಬಂತು. "ಏನಂದ್ರಿ ಚಿಕ್ಕಮ್ಮ? ಮೂರಕ್ಕೂ ಒಂದೇ ಅಕೌಂಟಾ?"

"ತಪ್ಪಾಯ್ತೇನೇ? ನೀನಂತೂ ಅಲ್ಲಿ ಕೂತು, ನಾನು ಬಚ್ಚಲಿಗೆ ಹೋದ್ರೂ ಲೆಕ್ಕ ಇಡೋಳು. ನಮಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ."

ಎಪೆನೆಸಾ ಮೆಲ್ಲಗೆ, ಯಾರನ್ನೂ ಬೆಚ್ಚಿಸಬಾರದೆನ್ನುವಂತೆ ಹೇಳಿದಳು: "ಹಾಗಾದ್ರೆ ವಲಾಸಿ, ನಿನ್ನ ಮ್ಯಾಪಿಗೆ ಗೊತ್ತಿರೋದು ಹೆಸರು ಮಾತ್ರ. ಗುರುವಾರ ಕಡಲಿಗೆ ಹೋಗಿದ್ದು ಆ ಹೆಸರಿನ ಮೂರು ಫೋನಲ್ಲಿ ಒಂದು. ಯಾವುದು ಅಂತ ನಾವ್ಯಾರೂ ಕೇಳಲೇ ಇಲ್ಲ."

ತೆಲೇಸಿಯಳ ಫೋನಿನಲ್ಲೇ ಕಳೆದುಹೋದ ಫೋನು ಹುಡುಕುವ ಪುಟ ತೆರೆಯಿತು. ಮೂರು ಸಾಲು.

ಮೊದಲನೆಯದು ತೆಲೇಸಿಯಳದು: ಈಗ, ಇಲ್ಲಿ.

ಎರಡನೆಯದು ಅವಳ ಗಂಡ ಲೆವಾಸಾನದು: ಗುರುವಾರ, ಏಳು ಗಂಟೆ ಎಂಟು ನಿಮಿಷ. ಹವಳದ ದಿಬ್ಬದ ಅಂಚು.

ಮೂರನೆಯದು ಮೊಯೆಲಾಂಗಿಯದು. ಜಾಗ ಗೊತ್ತಾಗುತ್ತಿಲ್ಲ ಎಂದಿತ್ತು. ಅದರ ಕೆಳಗೆ, ಕೊನೆಯ ಸಲ ಸಿಕ್ಕಿದ ಹೊತ್ತು: ನಿನ್ನೆ, ಸಂಜೆ ನಾಲ್ಕು ಗಂಟೆ ಮೂರು ನಿಮಿಷ.

"ನಿನ್ನೆ," ಎಂದಳು ವಲಾಸಿ. ಬೆರಳಿನಿಂದ ಆ ಪದವನ್ನು ಮುಟ್ಟಿದಳು. "ನಿನ್ನೆ ಅಂತಿದೆ. ಬದುಕಿದ್ದಾಳೆ! ಚಿಕ್ಕಮ್ಮ, ಬದುಕಿದ್ದಾಳೆ!"

"ಫೋನು ಬದುಕಿದೆ ಅಷ್ಟೇ," ಎಂದಳು ಎಪೆನೆಸಾ. "ಅದು ಯಾರ ಕೈಯಲ್ಲಿದೆ ಅಂತ ಇಲ್ಲಿ ಬರೆದಿಲ್ಲ."

ವಲಾಸಿಯ ಮುಖ ಹೊಳೆದಷ್ಟೇ ಬೇಗ ಆರಿತು.

ಆ ಪುಟದಲ್ಲಿ ಗಂಟೆಯ ಗುರುತಿನ ಗುಂಡಿಯೊಂದಿತ್ತು. ಒತ್ತಿದರೆ, ಎಲ್ಲಿದ್ದರೂ ಆ ಫೋನು ಗಟ್ಟಿಯಾಗಿ ಕೂಗಿಕೊಳ್ಳುತ್ತದೆ. ತಾನಿರುವ ಜಾಗವನ್ನೂ ಹೇಳುತ್ತದೆ. ಎಪೆನೆಸಾ ಒತ್ತಿದಳು. 'ಫೋನು ಆರಿದೆ. ಸಂಪರ್ಕ ಸಿಕ್ಕ ಕೂಡಲೇ ಸದ್ದು ಮಾಡುತ್ತದೆ' ಎಂದು ಉತ್ತರ ಬಂತು.

"ಇದನ್ನ ಹಿಡ್ಕೊಂಡು ಇಲ್ಲೇ ಕೂತಿರು. ಏನಾದ್ರೂ ಬಂದ್ರೆ ನನ್ನ ಕೂಗು," ಎಂದು ಫೋನನ್ನು ವಲಾಸಿಗೆ ಕೊಟ್ಟು ಎದ್ದಳು. "ತೆಲೇಸಿಯಮ್ಮ, ಯಜಮಾನ್ರ ಫೋನ್ ಎಲ್ಲಿ?"

"ಅದಕ್ಕೆ ನೀರು ಹೋಗಿ ಕೆಟ್ಟಿದೆ ಅಂದ್ರು."

"ಯಾವತ್ತು?"

ತೆಲೇಸಿಯ ಬಾಯಿ ತೆರೆದಳು. ಉತ್ತರ ನಾಲಿಗೆಯವರೆಗೆ ಬಂದಿತ್ತು. ಅದರ ಅರ್ಥವೂ ಜೊತೆಗೇ ಬಂದಿರಬೇಕು. ಬಾಯಿ ಮುಚ್ಚಿ, ಎರಡೂ ಕೈಗಳಿಂದ ಚಾಪೆಯ ಅಂಚನ್ನು ಹಿಡಿದುಕೊಂಡಳು.

*

ಲೆವಾಸಾ ಅಂಗಡಿಯ ದಾರಿಯಲ್ಲಿ ಸಿಕ್ಕಿದ. ಎತ್ತರದ ಆಳು. ಅರವತ್ತು ದಾಟಿದರೂ ನೆಟ್ಟನೆಯ ಬೆನ್ನು. ಊರಿನ ಪರವಾಗಿ ಸಭೆಯಲ್ಲಿ ಮಾತಾಡುವ ಯಜಮಾನ ಅವನು. ಅವನು ಬಾಯಿ ತೆರೆದರೆ ನೆರೆಯೂರಿನವರೂ ಕೇಳಲು ಬರುತ್ತಿದ್ದರು. ಇವತ್ತು ಯಾರನ್ನೂ ನೋಡದೆ ಬಿರಬಿರನೆ ನಡೆಯುತ್ತಿದ್ದ.

"ಯಜಮಾನ್ರೇ, ಒಂದು ನಿಮಿಷ."

"ಬಂದ ಮೇಲೆ ಮಾತಾಡೋಣ ತಾಯಿ. ಅಂಗಡಿಗೆ ಹೊರಟಿದ್ದೀನಿ."

"ಅಂಗಡಿ ಎಲ್ಲೂ ಓಡಿಹೋಗಲ್ಲ. ಗುರುವಾರದ ಸಂಜೆ ಪ್ರಾರ್ಥನೆ ಹೊತ್ತಲ್ಲಿ ಊರ ಕಾವಲಿಗೆ ನಿಂತಿದ್ದು ನೀವಲ್ವಾ? ಇನ್ನೊಂದು ಸಲ ಹೇಳಿ, ಕೇಳ್ತೀನಿ."

ಅವನು ಕಣ್ಣು ಮುಚ್ಚಿದ. ಧ್ವನಿ ತಾನಾಗಿಯೇ ಏರಿತು. "ಮೊದಲ ಶಂಖ ಮೊಳಗಿತು, ಊರು ಮನೆ ಸೇರಿತು. ಎರಡನೇ ಶಂಖ ಮೊಳಗಿತು, ಮನೆಮನೆಯಲ್ಲಿ ಕೀರ್ತನೆ ಎದ್ದಿತು. ನಾನು ಕೋಲು ಹಿಡಿದು ದಾರಿಯಲ್ಲಿ ನಿಂತೆ. ದಾರಿಯಲ್ಲಿ ನಾಯಿಯೂ ಇರಲಿಲ್ಲ. ಮೂರನೇ ಶಂಖ ಮೊಳಗಿತು, ಊರು ಹೊರಗೆ ಬಂತು."

ಶುಕ್ರವಾರ ಹೇಳಿದ್ದೂ ಇದನ್ನೇ. ಶನಿವಾರ ಹೇಳಿದ್ದೂ ಇದನ್ನೇ. ಒಂದು ಮಾತು ಹಿಂದಿಲ್ಲ, ಒಂದು ಮುಂದಿಲ್ಲ.

ಎಪೆನೆಸಾ ಬೆಳೆದದ್ದು ಬೈಬಲ್ ವಚನ ಒಪ್ಪಿಸುವ ಮಕ್ಕಳ ನಡುವೆ. ಅವಳ ತಾಯಿ ಚರ್ಚಿನ ಮಕ್ಕಳ ಭಾನುವಾರದ ಹಬ್ಬಕ್ಕೆ ಊರಿನ ಚಿಕ್ಕವರಿಗೆಲ್ಲ ದೇವರ ವಾಕ್ಯ ಕಲಿಸುತ್ತಿದ್ದಳು. ಒಪ್ಪಿಸುವುದನ್ನು ಕೇಳುವ ಕೆಲಸ ಎಪೆನೆಸಾಳದು. ಅಲ್ಲಿ ಕಲಿತದ್ದು ಇಷ್ಟೇ: ಕಂಡದ್ದನ್ನು ಹೇಳುವವನು ಎಲ್ಲಿಂದ ಬೇಕಾದರೂ ಶುರುಮಾಡುತ್ತಾನೆ. ಬಾಯಿಪಾಠ ಮಾಡಿದವನಿಗೆ ಮೊದಲ ಸಾಲೇ ಬೇಕು.

"ಚೆನ್ನಾಗಿ ಹೇಳಿದ್ರಿ. ಈಗ ಕೊನೆಯಿಂದ ಹೇಳಿ."

"ಏನು?"

"ಮೂರನೇ ಶಂಖ ಮೊಳಗಿದಾಗ ನೀವೆಲ್ಲಿದ್ರಿ? ಅದಕ್ಕೆ ಮುಂಚೆ ಎಲ್ಲಿದ್ರಿ? ಹಿಂದಕ್ಕೆ ನಡ್ಕೊಂಡು ಬನ್ನಿ."

"ಮೂರನೇ ಶಂಖ... ಊರು ಹೊರಗೆ ಬಂತು. ನಾನು..." ಅವನು ನಿಂತ. ಸಭೆಗಳಲ್ಲಿ ಒಂದು ಜಾವ ತಡವರಿಸದೆ ಮಾತಾಡುವ ಮನುಷ್ಯನ ತುಟಿ ಸದ್ದಿಲ್ಲದೆ ಅಲ್ಲಾಡಿತು. "ಮೊದಲ ಶಂಖ ಮೊಳಗಿತು..."

"ಬೇಡ ಬಿಡಿ," ಎಂದಳು ಎಪೆನೆಸಾ. "ನಾನೇ ಹೇಳ್ತೀನಿ. ಪ್ರಾರ್ಥನೆ ಹೊತ್ತಲ್ಲಿ ಈ ಊರ ದಾರಿಯಲ್ಲಿ ನಡೆಯೋ ಹಕ್ಕಿರೋದು ಕಾವಲಿನವರಿಗೆ ಮಾತ್ರ. ಆ ಚುಕ್ಕಿ ಆರು ನಲವತ್ತಕ್ಕೆ ನಡುದಾರಿಯಲ್ಲಿ ನಡೀತು. ಮೊಯೆಲಾಂಗಿ ನಡೆದಿದ್ರೆ ನೀವು ನೋಡ್ಬೇಕಿತ್ತು. ನೋಡಿಲ್ಲ ಅಂದ್ರಿ. ನಾನು ಏನಂದುಕೊಂಡೆ ಗೊತ್ತಾ? ಯಜಮಾನನ ಮನೆ ಹುಡುಗಿಯೇ ಪ್ರಾರ್ಥನೆ ಮುರಿದಳು ಅನ್ನೋ ಅವಮಾನ ಮುಚ್ಚೋಕೆ ಸುಳ್ಳು ಹೇಳ್ತಿದ್ದಾರೆ, ಪಾಪ, ಅಂತ. ಊರೂ ಹಾಗೇ ಅಂದುಕೊಂಡು ಸುಮ್ಮನಾಯ್ತು. ಆದರೆ ನೀವು ನಿಜಾನೇ ಹೇಳಿದ್ರಿ. ಅವಳು ನಡೀಲಿಲ್ಲ. ನೀವು ನಡೆದ್ರಿ. ನಿಮ್ಮ ಸೊಂಟದಲ್ಲಿ ಅವಳ ಹೆಸರು ನಡೀತು."

ದೀವಿಹಲಸಿನ ಮರದಿಂದ ಒಂದು ಒಣಗಿದ ಎಲೆ ಇಬ್ಬರ ನಡುವೆ ಬಿತ್ತು. ಲೆವಾಸಾ ಅದನ್ನೇ ನೋಡುತ್ತಿದ್ದ.

"ಗಂಟೆ ಎಷ್ಟು ತಾಯಿ?"

"ನಾಲ್ಕಕ್ಕೆ ಹತ್ತು ನಿಮಿಷ ಇದೆ. ಅವಳನ್ನ ಎಲ್ಲಿ ಹಾಕಿದ್ದೀರಿ?"

"ನನ್ನ ಬಿಡು. ಅಂಗಡಿಗೆ ಹೋಗಿ ಬರ್ತೀನಿ. ಆಮೇಲೆ ಕೈಗೆ ಏನು ಬೇಕಾದ್ರೂ ಹಾಕು."

"ಅಣ್ಣನ ಮಗಳನ್ನ ಕೊಂದೋರಿಗೆ ಅಂಗಡೀಲಿ ಏನು ಅಷ್ಟು ಅವಸರ? ನಾಳೆ ಪೂಜೆಗೆ ಸಕ್ಕರೆ ಸಾಲದಾ?"

ಅವನ ಮುಖ ಹೊಡೆಸಿಕೊಂಡವನ ಮುಖವಾಯಿತು. "ಕೊಂದೋರಾ?" ಎಂದ. "ಅವಳಪ್ಪ ಸತ್ತಾಗ ಅವಳಿಗೆ ಎರಡು ವರ್ಷ. ಈ ಭುಜದ ಮೇಲೆ ಹೊತ್ತು ಕಡಲು ತೋರಿಸಿದೋನು ನಾನು."

"ಹಾಗಾದ್ರೆ ಹೇಳಿ."

"ವಲಾಸಿ ಎಲ್ಲಿ?"

"ಮನೆಯಲ್ಲಿ. ಇಲ್ಲಿಗೆ ಕೇಳಿಸಲ್ಲ."

ಲೆವಾಸಾ ದಾರಿಯ ಎರಡೂ ತುದಿಗಳನ್ನು ನೋಡಿದ. ದೊಡ್ಡ ಮೈಯನ್ನು ಮುದುರಿಕೊಂಡು ಮರದ ಬೇರಿನ ಮೇಲೆ ಕುಳಿತ. ಈಗ ಅವನು ಆಡಿದ ಮಾತಿನಲ್ಲಿ ಏರಿಳಿತವಿರಲಿಲ್ಲ, ಅಲಂಕಾರವಿರಲಿಲ್ಲ.

"ಹೋದ ವರ್ಷ ಎಂಟು ತಿಂಗಳು ಅವಳು ಅಕ್ಕನ ಮನೇಲಿದ್ಲು, ಆಕ್ಲೆಂಡಲ್ಲಿ. ಒಂದು ರಾತ್ರಿ ಭಾವನ ಕಾರಲ್ಲಿ ಬರ್ತಿದ್ಲು. ದಾರೀಲಿ ಒಬ್ಬನ ಜೊತೆ ಅವನಿಗೆ ಜಗಳ ಆಯ್ತು. ಇಳಿದು ಹೊಡೆದ. ಬಿದ್ದೋನು ಏಳಲಿಲ್ಲ. ಕಾರಲ್ಲಿ ಕೂತು ನೋಡಿದೋಳು ಇವಳೊಬ್ಬಳೇ."

"ಭಾವ ಅಂದ್ರೆ ವಲಾಸಿ ಗಂಡ?"

"ಎಸೆಕಿ. ವಲಾಸಿಗೆ ಗೊತ್ತಿಲ್ಲ. ಗೊತ್ತಾದ್ರೆ ಬದುಕಲ್ಲ ಅಂತ ಇವಳು ಬಾಯಿ ಮುಚ್ಕೊಂಡು ಊರಿಗೆ ಬಂದ್ಲು. ಅವನು ಬಿಡ್ಲಿಲ್ಲ. ದಿನಾ ಫೋನು. ಹೆಂಡತಿಗೆ ಗೊತ್ತಾಗದ ಹಾಗೆ ಅವಳ ಫೋನ್ ತೆಗೆದು ಮ್ಯಾಪ್ ನೋಡೋದು, ಇವಳಿಗೆ ಹೇಳೋದು: 'ಈಗ ಶಾಲೇಲಿದ್ದೀಯ. ಈಗ ಚರ್ಚಲ್ಲಿದ್ದೀಯ. ಪೊಲೀಸ್ ಠಾಣೆ ಕಡೆ ತಿರುಗಿದ್ರೆ ನಂಗೆ ಕಾಣುತ್ತೆ.'"

"ಆರಿಸಿಬಿಡಬಹುದಿತ್ತಲ್ಲ?"

"ಆರಿಸಿದ್ರೆ ಏನೋ ಮುಚ್ಚಿಡ್ತಿದ್ದಾಳೆ ಅಂತ ಗೊತ್ತಾಗುತ್ತೆ. ಅವನು ಬರ್ತಾನೆ. 'ಚಿಕ್ಕಪ್ಪ, ನಾನು ಸತ್ತೆ ಅಂತ ಅವನೇ ಕಣ್ಣಾರೆ ನೋಡ್ಬೇಕು' ಅಂದ್ಲು. ಚುಕ್ಕಿ ನನ್ನ ಫೋನಿಗೆ ಬರೋ ಹಾಗೆ ಅವಳೇ ಮಾಡಿಟ್ಲು. ನೀರಿಳಿದಿತ್ತು, ದಿಬ್ಬದ ಅಂಚಿನವರೆಗೆ ನಾನು ನಡೆದು ಹೋಗಿ ಎಸೆದೆ." ಅವನು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ನಲವತ್ತು ವರ್ಷ ಈ ಊರಿನ ಪ್ರಾರ್ಥನೆ ಕಾದಿದ್ದೀನಿ. ಆವತ್ತು ಮನೆಮನೇಲಿ ದೇವರ ಹೆಸರು ಹೇಳ್ತಿರುವಾಗ ನಾನು ಸುಳ್ಳನ್ನ ಸೊಂಟಕ್ಕೆ ಕಟ್ಕೊಂಡು ನಡೆದೆ."

ಎಪೆನೆಸಾ ಅವನ ಪಕ್ಕದಲ್ಲಿ ಕುಳಿತಳು. "ಈಗ ಎಲ್ಲಿದ್ದಾಳೆ?"

"ಕಪ್ಪು ಕಲ್ಲಿನ ಬಯಲಾಚೆ, ಸಿಸ್ಟರುಗಳ ಹಳೇ ಮಠದಲ್ಲಿ. ಅಲ್ಲೀಗ ಒಬ್ಬ ಮುದುಕಿ ಸಿಸ್ಟರು ಮಾತ್ರ. ಅವರಿಗೆ ಕಿವಿ ಕೇಳಲ್ಲ. ಬುಧವಾರ ವಲಾಸಿ ವಾಪಸ್ ಹೋದ ಮೇಲೆ ನಾನೇ ಅವಳನ್ನ ನಿಮ್ಮ ಠಾಣೆಗೆ ಕರ್ಕೊಂಡು ಬರೋದು ಅಂತಿತ್ತು. ಎಲ್ಲಾ ಹೇಳೋಕೆ. ಅಲ್ಲೀವರೆಗೆ ದಿನಾ ನಾಲ್ಕು ಗಂಟೆಗೆ ಐದು ನಿಮಿಷ ಫೋನ್ ತೆರೀತಾಳೆ. ನಾನು ಅಂಗಡಿ ಫೋನಿಂದ ಮಾತಾಡ್ತೀನಿ, 'ಇನ್ನೂ ಎರಡು ದಿನ ತಡಕೋ ಮಗಳೇ' ಅಂತ. ಇಷ್ಟೇ. ಇವತ್ತು..."

ಎಪೆನೆಸಾಳ ಕೈ ತಾನಾಗಿ ಗಡಿಯಾರಕ್ಕೆ ಹೋಯಿತು. ನಾಲ್ಕು ಗಂಟೆ ಎರಡು ನಿಮಿಷ.

ಗಂಟೆಯ ಗುರುತಿನ ಆ ಗುಂಡಿ ನೆನಪಾಯಿತು. ಕೇಳಿಸಿಕೊಳ್ಳುವುದೇ ತನ್ನ ಕಸುಬು ಎಂದುಕೊಂಡು ಬಂದವಳು, ಈ ಮುದುಕನನ್ನು ಕೇಳಿಸಿಕೊಳ್ಳುವ ಮೊದಲೇ ಅದನ್ನು ಒತ್ತಿದ್ದಳು.

"ಮೇಡಂ! ಮೇಡಂ!"

ವಲಾಸಿ ದಾರಿಯುದ್ದಕ್ಕೂ ಓಡಿಬರುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳ ಹಿಂದೆ, ಅಷ್ಟು ದೂರದಲ್ಲಿ, ತೆಲೇಸಿಯ ಎದೆ ಹಿಡಿದುಕೊಂಡು ಬರುತ್ತಿದ್ದಳು.

"ಸಿಕ್ತು! ಫೋನ್ ಬಂತು, ಕೂಗ್ತು, ಜಾಗ ತೋರಿಸ್ತು! ಹಳೇ ಮಠ! ತಕ್ಷಣ ಆರಿಸಿಬಿಟ್ಲು. ಆರಿಸ್ಬೇಕಾದ್ರೆ ಕೈ ಬೇಕಲ್ವಾ ಮೇಡಂ, ಜೀವ ಇರೋ ಕೈ ಬೇಕಲ್ವಾ?" ಅವಳು ನಗುತ್ತಿದ್ದಳು, ಅಳುತ್ತಿದ್ದಳು. "ನಾನು ಫೋನ್ ಮಾಡಿ ಮಾಡಿ ಸಾಕಾಯ್ತು, ಆರಿದೆ ಅಂತಲೇ ಬರ್ತಿದೆ. ಯಾಕೆ ಆರಿಸಿದ್ಲು? ನಾವು ಅಂತ ಗೊತ್ತಾಗ್ಲಿಲ್ವಾ?"

"ಹೆದರಿದ್ದಾಳೆ," ಎಂದ ಲೆವಾಸಾ. "ನನ್ನ ದನಿ ಬರೋ ಜಾಗದಲ್ಲಿ ಅದು ಕೂಗಿದ್ರೆ..."

"ವಲಾಸಿ," ಎಂದಳು ಎಪೆನೆಸಾ. "ಆ ಜಾಗ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ, ಯಾರಿಗೂ... ಎಸೆಕಿಗೆ ಕಳಿಸಿದೆ ಅಷ್ಟೇ. ಪಾಪ, ಅವರೂ ನಾಲ್ಕು ದಿನದಿಂದ ಅನ್ನ ಬಿಟ್ಟು ಕೂತಿದ್ದಾರೆ. ಆ ಪುಟದ ಫೋಟೋ ತೆಗೆದು ಹಾಕಿದೆ. ಆಗಲೇ ನೋಡಿದ್ರು."

ಮುದುಕನ ಬಾಯಿಂದ ಒಂದು ಸದ್ದು ಹೊರಟಿತು. ಅವನು ವಲಾಸಿಯನ್ನೇ ನೋಡುತ್ತ ಎದ್ದು ನಿಂತ.

"ಯಾಕೆ ಚಿಕ್ಕಪ್ಪ? ಏನಾಯ್ತು? ಯಾಕೆ ಹಾಗೆ ನೋಡ್ತೀರಿ?"

"ಇರಲಿ," ಎಂದಳು ಎಪೆನೆಸಾ, ತನಗೇ ಹೇಳಿಕೊಳ್ಳುವಂತೆ. "ಆಕ್ಲೆಂಡು ದೂರ. ಮುಂದಿನ ವಿಮಾನ ನಾಳೆ. ಅಷ್ಟರೊಳಗೆ ಅವಳು ನಮ್ಮ ಹತ್ರ ಇರ್ತಾಳೆ. ವಲಾಸಿ, ನಿನ್ನ ಗಂಡ ಮನೆಯಲ್ಲೇ ಇದ್ದಾನಲ್ವಾ?"

"ಇನ್ನೆಲ್ಲಿರ್ತಾರೆ? ಬೆಳಿಗ್ಗೆ ಮಾತಾಡಿದ್ರು. ಕೆಲಸಕ್ಕೂ ಹೋಗಿಲ್ಲ ಅಂದ್ರು."

"ನಿಮ್ಮಿಬ್ಬರದೂ ಐಫೋನ್. ಒಬ್ಬರದು ಇನ್ನೊಬ್ಬರಿಗೆ ಕಾಣೋ ಹಾಗೆ ಏನಾದ್ರೂ ಮಾಡ್ಕೊಂಡಿದ್ದೀರಾ?"

"ಹೂಂ, ಐಫೋನಿನದೇ ಬೇರೆ ಒಂದಿದೆ. ಮದುವೆಯಾದಾಗ ಅವರೇ ಹಾಕಿಕೊಟ್ರು." ವಲಾಸಿ ತಡೆದಳು. "ಆದ್ರೆ ಅದರಲ್ಲಿ ಅವರು ನನ್ನ ನೋಡ್ತಾರೆ. ನಾನು ಅವರನ್ನ ಯಾವತ್ತೂ ನೋಡಿಲ್ಲ."

"ಈಗ ನೋಡು."

"ಅವರಿಗೆ ಗೊತ್ತಾದ್ರೆ ಬೈತಾರೆ ಮೇಡಂ."

"ನೋಡಮ್ಮ."

ವಲಾಸಿ ಬೆರಳನ್ನು ಬಟ್ಟೆಗೆ ಒರೆಸಿ ಮುಟ್ಟಿದಳು. ಪುಟ ತೆರೆಯಿತು. ಎಸೆಕಿಯ ಪುಟ್ಟ ದುಂಡು ಮುಖ, ಅದರ ಸುತ್ತ ಖಾಲಿ ಚೌಕಗಳು. ಊರಿನ ನೆಟ್‌ವರ್ಕು ಒಂದೊಂದೇ ಚೌಕವನ್ನು ತುಂಬುತ್ತ ಬಂತು. ಮೂವರ ತಲೆಗಳೂ ಅದರ ಮೇಲೆ ಬಾಗಿದ್ದವು.

ಆಕ್ಲೆಂಡಿನ ಬೀದಿಗಳು ಬರಲಿಲ್ಲ.

ನೀಲಿ ಬಂತು, ಕಡಲು. ಅದರ ಅಂಚಿಗೆ ಒಂದೇ ಒಂದು ದಾರಿ ಬಂತು. ಹಡಗುಕಟ್ಟೆ ಬಂತು, ಬಿಳಿಯ ಚರ್ಚು ಬಂತು. ತಮ್ಮದೇ ದ್ವೀಪದ, ದಿನಾ ಓಡಾಡುವ ದಾರಿಯನ್ನು ಯಾರೂ ಅವರಿಗೆ ಗುರುತು ಹೇಳಬೇಕಾಗಿರಲಿಲ್ಲ.

"ಇದು ತಪ್ಪು ತೋರಿಸ್ತಿದೆ," ಎಂದಳು ವಲಾಸಿ. "ಅಲ್ವಾ ಮೇಡಂ? ಇದು ತಪ್ಪು ಅಲ್ವಾ?"

ಎಪೆನೆಸಾ ಆಗಲೇ ಜೀಪಿನ ಕಡೆ ಓಡುತ್ತಿದ್ದಳು. ಇಲ್ಲಿಂದ ಮಠಕ್ಕೆ ನಲವತ್ತು ನಿಮಿಷ. ಆ ಬಿಳಿಯ ಚರ್ಚಿನಿಂದ ಹದಿನೈದು.

ದಾರಿಯ ನಡುವೆ ನಿಂತ ವಲಾಸಿಯ ಅಂಗೈಯಲ್ಲಿ, ಅವಳ ಗಂಡನ ಮುಖ ಚರ್ಚಿನ ಬಳಿಯ ಕವಲಿಗೆ ಬಂದು ಒಂದು ಗಳಿಗೆ ನಿಂತಿತು. ಎಡಕ್ಕೆ ತಿರುಗಿದರೆ ಮಾತಲೂಲು, ಹೆಂಡತಿ ಇರುವ ಮನೆ. ಬಲಕ್ಕೆ ತಿರುಗಿದರೆ ಕಪ್ಪು ಕಲ್ಲಿನ ಬಯಲು.

ಅದು ಬಲಕ್ಕೆ ತಿರುಗಿತು.